ಬೇಸಿಗೆಯಲ್ಲಿ ನಾಯಿಗಳ ಮೈ ಬೋಳಿಸುವುದು ನಿಲ್ಲಲಿ

ಮಾನ್ಯ ಸಂಪಾದಕರೇ,

ಕಲಬುರಗಿಯ ಅಪ್ಪನ ಕೆರೆಯ ದಂಡೆಗೆ ಬೆಳಗಿನ ವಾಯುವಿಹಾರಕ್ಕೆ ಬರುವವರ ಜೊತೆ ಈಗೀಗ ಬಗೆಬಗೆಯ ಕ್ಷೌರ ಮಾಡಿಸಿಕೊಂಡ ನಾಯಿಗಳೂ ಕಾಣಸಿಗುತ್ತವೆ. ಕುತ್ತಿಗೆಯ ಸುತ್ತ ಕೇಸರ, ಬಾಲದ ತುದಿಗೊಂದು ಕುಚ್ಚು ಬಿಟ್ಟು ಉಳಿದ ಮೈಯನ್ನೆಲ್ಲ ನುಣ್ಣಗೆ ಬೋಳಿಸುವ ‘ಲಯನ್ ಕಟ್’ಗೆ ಬೇಡಿಕೆ ಹೆಚ್ಚು. ಮಕ್ಕಳು ನೋಡಿ ನಗುತ್ತಾರೆ, ದೊಡ್ಡವರು ಫೋಟೊ ತೆಗೆಯುತ್ತಾರೆ. ಕಳೆದ ಏಪ್ರಿಲ್‌ನಲ್ಲಿ ನಾನೂ ನಮ್ಮ ಪೊಮೇರಿಯನ್ ನಾಯಿಗೆ ಇದೇ ಕಟಿಂಗ್ ಮಾಡಿಸಿದೆ. ಸೆಕೆಗೆ ಒಳ್ಳೆಯದು ಎಂದು ಅಂಗಡಿಯವರು ಹೇಳಿದ್ದನ್ನು ನಂಬಿದೆ.

ಮೂರ್ನಾಲ್ಕು ದಿನಗಳಲ್ಲೇ ಅದರ ಬೆನ್ನು ಕೆಂಪಾಗಿ, ಸಿಪ್ಪೆ ಏಳತೊಡಗಿತು. ಮಧ್ಯಾಹ್ನವೆಲ್ಲ ಅದು ಮಂಚದ ಕೆಳಗಿನ ಶಹಾಬಾದ್ ಕಲ್ಲಿನ ನೆಲಕ್ಕೆ ಬೆನ್ನು ಹಚ್ಚಿ ಮಲಗುತ್ತಿತ್ತು. ಊಟಕ್ಕೆ ಕರೆದರೂ ಹೊರಗೆ ಬರುತ್ತಿರಲಿಲ್ಲ. ಬೆನ್ನಿನ ಮೇಲೆ ಅಂಗೈಯಗಲದ ಜಾಗದಲ್ಲಿ ಇಂದಿಗೂ ಕೂದಲು ಬಂದಿಲ್ಲ.

ಪಶುವೈದ್ಯರು ವಿವರಿಸಿದ ಮೇಲೆಯೇ ನನ್ನ ತಪ್ಪು ನನಗೆ ತಿಳಿಯಿತು. ನಾವು ಪೊಮೇರಿಯನ್ ಎಂದು ಕರೆಯುವ ಸ್ಪಿಟ್ಜ್, ಜರ್ಮನ್ ಶೆಫರ್ಡ್, ಹಸ್ಕಿ, ಗೋಲ್ಡನ್ ರಿಟ್ರೀವರ್ ಮುಂತಾದ ತಳಿಗಳ ಮೈಮೇಲೆ ಎರಡು ಪದರದ ಕೂದಲಿರುತ್ತದೆ. ಒಳಗಿನ ಮೃದುವಾದ ತುಪ್ಪಟ ಬೇಸಿಗೆ ಬರುತ್ತಲೇ ತಾನಾಗಿ ಉದುರುತ್ತದೆ. ಹೊರಗಿನ ಉದ್ದ ಕೂದಲು ಬಿಸಿಲು ನೇರವಾಗಿ ಚರ್ಮಕ್ಕೆ ತಾಗದಂತೆ ತಡೆಯುತ್ತದೆ. ಮನುಷ್ಯರಂತೆ ಮೈಯೆಲ್ಲ ಬೆವರದ ನಾಯಿ ಮುಖ್ಯವಾಗಿ ನಾಲಿಗೆ ಚಾಚಿ ತೇಕಿಯೇ ಮೈಯ ಬಿಸಿಯನ್ನು ಕಳೆದುಕೊಳ್ಳುವುದರಿಂದ, ಕೂದಲು ತೆಗೆದರೆ ಅದಕ್ಕೆ ತಂಪಾಗುತ್ತದೆ ಎಂಬ ನಮ್ಮ ಲೆಕ್ಕಾಚಾರ ತಪ್ಪುತ್ತದೆ. ಹೀಗೆ ಬುಡಮಟ್ಟ ಬೋಳಿಸಿದ ಕೂದಲು ಕೆಲವು ನಾಯಿಗಳಲ್ಲಿ ತಿಂಗಳುಗಟ್ಟಲೆ ಬೆಳೆಯುವುದಿಲ್ಲ, ಬೆಳೆದರೂ ಮೊದಲಿನಂತಿರುವುದಿಲ್ಲ.

ಸಿಂಹದ ಈ ವೇಷ ಮೂಲತಃ ಪೂಡಲ್ ತಳಿಯದು. ಯುರೋಪಿನ ಬೇಟೆಗಾರರು ಹೊಡೆದ ಬಾತುಕೋಳಿಗಳನ್ನು ಈ ನಾಯಿಗಳು ನೀರಿಗಿಳಿದು ತರುತ್ತಿದ್ದವು. ಈಜಲು ಭಾರವಾಗದಿರಲೆಂದು ಹಿಂಭಾಗದ ಕೂದಲನ್ನು ತೆಗೆದು, ತಣ್ಣೀರಿನಲ್ಲಿ ಬೆಚ್ಚಗಿರಲೆಂದು ಎದೆ ಮತ್ತು ಕೀಲುಗಳ ಮೇಲಿನ ಕೂದಲನ್ನು ಬಿಡುತ್ತಿದ್ದರು. ಪೂಡಲ್‌ನ ಕೂದಲು ಒಂದೇ ಪದರದ್ದು, ಕತ್ತರಿಸಿದಂತೆ ಬೆಳೆಯುತ್ತಲೇ ಇರುತ್ತದೆ. ಕೊರೆಯುವ ನೀರಿಗಾಗಿ ಹುಟ್ಟಿದ ಆ ಕ್ಷೌರವನ್ನು, 42 ಡಿಗ್ರಿ ದಾಟುವ ನಮ್ಮೂರಿನ ಬಿಸಿಲಿನಲ್ಲಿ ಎರಡು ಪದರದ ಕೂದಲಿನ ನಾಯಿಗೆ ಮಾಡುವುದು ಸರಿಯಲ್ಲ. ನಮ್ಮ ನಾಡಿನದೇ ಆದ ಮುಧೋಳ ನಾಯಿಗಂತೂ ಮೈಮೇಲಿರುವುದೇ ಗಿಡ್ಡ ಕೂದಲು. ಅದಕ್ಕೆ ಕತ್ತರಿಯ ಅಗತ್ಯವೇ ಇಲ್ಲ.

ಬಣ್ಣ ಹಚ್ಚುವುದಂತೂ ಇನ್ನೂ ಅಪಾಯಕಾರಿ. ಮನುಷ್ಯರ ಹೇರ್ ಡೈಯಲ್ಲಿ ಅಮೋನಿಯಾ, ಹೈಡ್ರೋಜನ್ ಪೆರಾಕ್ಸೈಡ್‌ನಂಥ ರಾಸಾಯನಿಕಗಳಿರುತ್ತವೆ. ನಾಯಿ ತನ್ನ ಮೈಯನ್ನು ತಾನೇ ನೆಕ್ಕಿಕೊಳ್ಳುವ ಪ್ರಾಣಿಯಾದ್ದರಿಂದ ಅವು ನೇರವಾಗಿ ಅದರ ಹೊಟ್ಟೆ ಸೇರುತ್ತವೆ.

ಕ್ಷೌರವೇ ಬೇಡವೆಂದು ನಾನು ಹೇಳುತ್ತಿಲ್ಲ. ಪಾದದ ಅಡಿಯಲ್ಲಿ, ಗುದದ ಸುತ್ತ ಬೆಳೆದ ಕೂದಲನ್ನು ಕತ್ತರಿಸಲೇಬೇಕು. ಗಂಟುಗಟ್ಟಿ ಹುಣ್ಣಾದಲ್ಲಿ ವೈದ್ಯರೇ ಬೋಳಿಸುತ್ತಾರೆ. ಉಳಿದಂತೆ ದಿನಕ್ಕೆ ಹತ್ತು ನಿಮಿಷ ಬಾಚಿದರೆ ಸತ್ತ ತುಪ್ಪಟ ಹೊರಬಂದು ಚರ್ಮಕ್ಕೆ ಗಾಳಿಯಾಡುತ್ತದೆ, ಕಿವಿಯ ಸಂದಿಯಲ್ಲಿ ಅಡಗಿದ ಉಣ್ಣಿಯೂ ಕಣ್ಣಿಗೆ ಬೀಳುತ್ತದೆ.

ಪಶುವೈದ್ಯಕೀಯ ವಿಶ್ವವಿದ್ಯಾಲಯ ಪಕ್ಕದ ಬೀದರಿನಲ್ಲೇ ಇದೆ. ವಿಶ್ವವಿದ್ಯಾಲಯ ಮತ್ತು ಪಶುಸಂಗೋಪನಾ ಇಲಾಖೆ ಕೂಡಿ ಕಲಬುರಗಿ, ಬೀದರ್, ಯಾದಗಿರಿಯ ಇಂಥ ಅಂಗಡಿಗಳಲ್ಲಿ ಕೆಲಸ ಮಾಡುವ ಹುಡುಗರಿಗೆ ಬೇಸಿಗೆ ಶುರುವಾಗುವ ಮೊದಲೇ ಎರಡು ದಿನಗಳ ತರಬೇತಿ ನೀಡಲಿ. ಯಾವ ತಳಿಯ ನಾಯಿಯನ್ನು ಬೋಳಿಸಬಾರದು ಎಂಬ ಕನ್ನಡದ ಫಲಕವೊಂದನ್ನು ಪ್ರತಿ ಅಂಗಡಿಯ ಗೋಡೆಗೆ ಹಾಕಿಸಲಿ ಎಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ,
ಓರ್ವ ಓದುಗ, ಕಲಬುರಗಿ