ಹಳದಿ ಕಾರು ಮತ್ತು ನನ್ನ ಮೊಣಕೈ

ಲೋ ಗೆಳೆಯ,

ಫೋನಲ್ಲೇ ಹೇಳಬಹುದಿತ್ತು. ಎರಡು ಸಲ ನಿನ್ನ ನಂಬರ್ ಒತ್ತಿ, ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ವಿಷಯ ಸ್ವಲ್ಪ ಉದ್ದ ಇದೆ, ಸ್ವಲ್ಪ ನಾಚಿಕೆಯದ್ದೂ ಇದೆ. ಹಳದಿ ಕಾರು ನನ್ನ ಬೈಕ್ ಉರುಳಿಸಿದ ಆ ಕಥೆಯನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನು. ಅದಕ್ಕೇ ಈ ಪತ್ರವನ್ನೂ ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಬೈಯಬೇಡ.

ಹೋದ ತಿಂಗಳು ಮನೆ ಬದಲಾಯಿಸಿದೆವಲ್ಲ, ಆಗ ಅಟ್ಟದಿಂದ ಒಂದು ರಟ್ಟಿನ ಡಬ್ಬ ಇಳಿಯಿತು. ಒಳಗೆ ಹಾಸನ ರಸ್ತೆಯ ಬೆಳ್ಳೂರು ಕ್ರಾಸ್ ಹತ್ತಿರ ಬೈಕಿನಿಂದ ಬಿದ್ದಾಗ ಹಾಕಿಕೊಂಡಿದ್ದ ಜಾಕೆಟ್. ಬಲಮೊಣಕೈ ಹತ್ತಿರ ಹರಿದದ್ದು ಹಾಗೇ ಇದೆ. ಅದರ ಕೆಳಗೆ ಹೆಲ್ಮೆಟ್. ಹೆಲ್ಮೆಟ್ಟಿನ ಗಲ್ಲದ ಮೇಲೆ ಅಂಟಿಸಿದ್ದ ಪುಟ್ಟ ಕ್ಯಾಮೆರಾ. ಗಾಜು ಸೀಳಿತ್ತು, ಆನ್ ಆಗುತ್ತಿರಲಿಲ್ಲ. ಆವತ್ತೇ ಕೆಟ್ಟುಹೋಯಿತು ಅಂತ ಬಿಟ್ಟಿದ್ದೆ. ಮಗಳು ಅದರ ಮುಚ್ಚಳ ತೆಗೆದು, "ಅಪ್ಪಾ, ಕಾರ್ಡ್ ಒಳಗೇ ಇದೆಯಲ್ಲಾ" ಅಂದಳು.

ಕಾರ್ಡ್ ಎರಡು ದಿನ ಮೇಜಿನ ಮೇಲೇ ಇತ್ತು. ಮೂರನೇ ದಿನ ರಾತ್ರಿ ಎಲ್ಲರೂ ಮಲಗಿದ ಮೇಲೆ ಲ್ಯಾಪ್‌ಟಾಪಿಗೆ ಹಾಕಿದೆ.

ನಾನು ಮೂರು ವರ್ಷದಿಂದ ಹೇಳುತ್ತಾ ಬಂದ ಕಥೆ ನಿನಗೆ ಬಾಯಿಪಾಠ ಆಗಿದೆ. ನೀನು ಹಾಸನದಲ್ಲಿ ಕಾಯುತ್ತಿದ್ದೆ, ಬಿಸಿಲೆ ಘಾಟಿಗೆ ಹೋಗೋಣ ಅಂತ. ಕುಣಿಗಲ್ ದಾಟಿದಾಗಿಂದ ಒಂದು ಹಳದಿ ಕಾರು ನನ್ನ ಹಿಂದೆ ಬಿತ್ತು. ನೆಲಕ್ಕೆ ತಾಗುವಷ್ಟು ಇಳಿಸಿದ್ದು, ದೊಡ್ಡ ಅಲಾಯ್ ಚಕ್ರ, ಪಟಾಕಿ ಸರ ಹಚ್ಚಿದ ಹಾಗೆ ಸಿಡಿಯುವ ಸೈಲೆನ್ಸರ್. ಒಳಗೆ ಒಬ್ಬ ಹುಡುಗ. ಬೆಳ್ಳೂರು ಕ್ರಾಸ್ ಬರುವಷ್ಟರಲ್ಲಿ ಎಡಕ್ಕೆ ನುಗ್ಗಿಸಿ, ನನ್ನ ಬುಲೆಟ್ ಉರುಳಿಸಿ, ಓಡಿಹೋದ. ಇದೇ ಅಲ್ವಾ ಕಥೆ? ನಮ್ಮ ಬೈಕ್ ಕ್ಲಬ್ಬಿನಲ್ಲಿ ಹೊಸಬರು ಯಾರೇ ಬಂದರೂ ಇದನ್ನು ಹೇಳಿಸುತ್ತಿದ್ದರು.

ಈಗ ವಿಡಿಯೋದಲ್ಲಿ ಏನಿದೆ ಅಂತ ಕೇಳು.

ಹಳದಿ ಕಾರು ಇದೆ. ನನ್ನ ಬಲಗಡೆ ಕನ್ನಡಿಯಲ್ಲಿ ಚಿಕ್ಕದಾಗಿ ಕಾಣುತ್ತದೆ. ಹಿಂದೆಯೇ ಇದೆ, ಆದರೆ ಹತ್ತಿರ ಇಲ್ಲ. ಸದ್ದು ಮಾತ್ರ ಜಾಸ್ತಿ. ನಾನು ಹೆಲ್ಮೆಟ್ ಒಳಗೇ ಅವನನ್ನು ಬೈಯುತ್ತಿರುವುದು ಕೇಳಿಸುತ್ತದೆ. ಏನು ಬೈದೆ ಅಂತ ಇಲ್ಲಿ ಬರೆಯುವುದಿಲ್ಲ. ನನ್ನ ಮುಂದೆ ಬಲಗಡೆ ಸಾಲಿನಲ್ಲಿ ಒಂದು ಬೆಳ್ಳಿ ಬಣ್ಣದ ಮಾಮೂಲಿ ಫ್ಯಾಮಿಲಿ ಕಾರು. ಹಿಂದಿನ ಕಿಟಕಿಗೆ ಮಗುವಿಗೆ ಬಿಸಿಲು ಬೀಳದ ಹಾಗೆ ಹಾಕುವ ಜಾಲರಿ, ಅದರ ಮೇಲೆ ಆನೆಮರಿ ಚಿತ್ರ. ಎಡಗಡೆ ಹೋಟೆಲ್ ಬಂತು. ಆ ಮಹಾನುಭಾವನಿಗೆ ಕಾಫಿ ನೆನಪಾಯಿತೋ ಏನೋ, ಇಂಡಿಕೇಟರ್ ಇಲ್ಲ, ಕನ್ನಡಿ ನೋಡಿದ ಲಕ್ಷಣವೂ ಇಲ್ಲ, ಸೀದಾ ನನ್ನ ಮುಂದೆ ಅಡ್ಡ ಬಂದ. ನನ್ನ ಹ್ಯಾಂಡಲ್ ಅವನ ಹಿಂದಿನ ಬಾಗಿಲಿಗೆ ತಾಗಿತು. ಆಮೇಲೆ ಆಕಾಶ, ಟಾರು, ಮತ್ತೆ ಆಕಾಶ.

ಬೆಳ್ಳಿ ಕಾರಿನ ಬ್ರೇಕ್ ಲೈಟು ಹತ್ತಿತು. ಒಂದು ಕ್ಷಣ. ಆರಿತು. ಕಾರು ಹೋಯಿತು.

ಅಲ್ಲಿಂದ ಮುಂದೆ ಕ್ಯಾಮೆರಾ ಅಡ್ಡಡ್ಡ ಬಿದ್ದಿದೆ. ಗಾಜಿನ ಸೀಳು ಚಿತ್ರದ ಮೇಲೆ ಕೂದಲೆಳೆ ಹಾಗೆ ಕಾಣುತ್ತದೆ. ರಸ್ತೆಯ ಬಿಳಿ ಗೆರೆ, ಅದರಾಚೆ ಹಳದಿ ಕಾರಿನ ಮೂತಿ. ಸಾಲಿಗೆ ಅಡ್ಡವಾಗಿ ಓರೆ ನಿಲ್ಲಿಸಿದ್ದಾನೆ. ಎರಡೂ ಇಂಡಿಕೇಟರ್ ಹೊಡೆದುಕೊಳ್ಳುತ್ತಿವೆ. ಬಂಪರ್ ಎಷ್ಟು ಕೆಳಗಿದೆ ಅಂದರೆ, ನೆಲದ ಮೇಲೆ ಬಿದ್ದವನ ಕಣ್ಣಿಗೆ ಸರಿಸಮ. ಹಿಂದಿನಿಂದ ಒಂದು ಲಾರಿ ಹಾರ್ನ್ ಹೊಡೆಯುತ್ತಾ ಅವನನ್ನು ಬಳಸಿಕೊಂಡು ಹೋಗುತ್ತದೆ. ಆಮೇಲೆ ಹವಾಯಿ ಚಪ್ಪಲಿ ಹಾಕಿದ ಎರಡು ಕಾಲು ಓಡಿ ಬರುತ್ತವೆ. "ಏನ್ ಸಾರ್ ನೀವು, ಸತ್ತೋಗ್ತಿದ್ರಲ್ಲಾ!" ಬೈಗುಳವೇ, ಆದರೆ ಧ್ವನಿ ನಡುಗುತ್ತಿದೆ. ಅಷ್ಟಕ್ಕೆ ವಿಡಿಯೋ ಮುಗಿಯಿತು. ಅಷ್ಟು ಹೊತ್ತೂ ಅವನ ಸೈಲೆನ್ಸರ್ ಗುಡುಗುಡು ಅನ್ನುತ್ತಲೇ ಇದೆ. ಇಂಜಿನ್ ಆಫ್ ಮಾಡುವುದೂ ಹುಡುಗನಿಗೆ ಹೊಳೆದಿಲ್ಲ.

ನಾನು ಬೇಕಂತಲೇ ಸುಳ್ಳು ಹೇಳಿದವನಲ್ಲ ಕಣೋ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ತಲೆಯಲ್ಲಿ ಇದ್ದದ್ದು ಆ ಸದ್ದು ಮತ್ತು ಹಳದಿ ಬಣ್ಣ, ಎರಡೇ. ಬೆಳ್ಳಿ ಕಾರು ನೆನಪಲ್ಲಿ ಇರಲೇ ಇಲ್ಲ. ಅಂಥ ಕಾರು ಯಾರಿಗೆ ನೆನಪಿರುತ್ತದೆ? ನಮ್ಮ ಭಾವನ ಹತ್ತಿರವೂ ಅಂಥದ್ದೇ ಇದೆ. ತಪ್ಪು ಮಾಡುವವನು ಹೇಗಿರುತ್ತಾನೆ ಅಂತ ನಾನು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದೆ. ಅಂಥವನೊಬ್ಬ ಅಲ್ಲೇ ನಿಂತಿದ್ದ. ತಗಲಿಹಾಕಿದೆ.

ಇದನ್ನು ಮಗಳಿಗೆ ಹೇಳಿದಾಗ ಅವಳು ಕಾಲೇಜಿನಲ್ಲಿ ಓದಿದ ಒಂದು ಪ್ರಯೋಗ ಹೇಳಿದಳು. 1974ರಲ್ಲಿ ಅಮೆರಿಕದಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅನ್ನುವವರು ಮಾಡಿದ್ದು. ವಿದ್ಯಾರ್ಥಿಗಳಿಗೆ ಕಾರು ಡಿಕ್ಕಿಯ ಒಂದು ಫಿಲ್ಮ್ ತೋರಿಸಿ, ಕೆಲವರಿಗೆ "ಕಾರುಗಳು ತಾಗಿದಾಗ ಎಷ್ಟು ಸ್ಪೀಡ್ ಇತ್ತು" ಅನ್ನುವ ಧಾಟಿಯಲ್ಲಿ ಕೇಳಿದರು, ಕೆಲವರಿಗೆ "ಅಪ್ಪಳಿಸಿದಾಗ" ಅಂತ ಕೇಳಿದರು. ಅಪ್ಪಳಿಸಿದಾಗ ಅಂತ ಕೇಳಿಸಿಕೊಂಡವರು ಜಾಸ್ತಿ ಸ್ಪೀಡ್ ಹೇಳಿದರು. ಒಂದು ವಾರ ಬಿಟ್ಟು, ಒಡೆದ ಗಾಜು ನೋಡಿದ್ರಾ ಅಂತ ಕೇಳಿದರೆ, ಅವರಲ್ಲಿ 50 ಜನಕ್ಕೆ 16 ಜನ ಹೌದು ಅಂದರು. ಫಿಲ್ಮಿನಲ್ಲಿ ಒಡೆದ ಗಾಜೇ ಇರಲಿಲ್ಲ! ನನ್ನ ಕಥೆಯಲ್ಲೂ ಹಾಗೇ. ಮೊದಲ ವಾರ ನಿನಗೆ "ತಾಗಿಸಿದ" ಅಂದಿದ್ದೆ. ಕ್ಲಬ್ಬಿಗೆ ಬರುವಷ್ಟರಲ್ಲಿ "ಗುದ್ದಿದ" ಆಯಿತು. ಹೋದ ವರ್ಷದ ಹೊತ್ತಿಗೆ "ನುಗ್ಗಿಸಿದ, ಬೇಕಂತಲೇ" ಅನ್ನುತ್ತಿದ್ದೆ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ನಿನ್ನ ಅಳಿಯನ, ಅಂದರೆ ನಿನ್ನ ಅಕ್ಕನ ಮಗನ, ವಿಷಯ ಇದೆಯಲ್ಲ.

ಅವನು ಎರಡು ವರ್ಷ ದುಡ್ಡು ಕೂಡಿಟ್ಟು 2002ರ ಹೋಂಡಾ ಸಿಟಿ ತಂದಾಗ, ಆ ಜೋರು ಓಡುವ 1.5 ವಿಟೆಕ್ ಇಂಜಿನ್ನಿನದು, ನೀನು ಅಕ್ಕನ ಮನೆಯಿಂದ ನನಗೆ ವಿಡಿಯೋ ಕಾಲ್ ಮಾಡಿದೆ. "ಇವನಿಗೆ ಸ್ವಲ್ಪ ಹೇಳು, ನಿನ್ನ ಕೈ ತೋರಿಸು" ಅಂದೆ. ನಾನು ಅಂಗಿ ತೋಳು ಮಡಚಿ ಹೊಲಿಗೆಯ ಗುರುತು ತೋರಿಸಿದೆ. ಹಳದಿ ಕಾರಿನ ಕಥೆಯನ್ನು ಮೊದಲಿಂದ ಕೊನೆವರೆಗೆ ಹೇಳಿದೆ. ಅಕ್ಕ ಅಳುವುದಕ್ಕೇ ಶುರುಮಾಡಿದರು. ಆವತ್ತಿಂದ ಕಾರು ಅವರ ಅಂಗಳದಲ್ಲಿ ಟಾರ್ಪಾಲ್ ಹೊದ್ದುಕೊಂಡು ನಿಂತಿದೆ. ಹನ್ನೊಂದು ತಿಂಗಳು. ಹುಡುಗ ನಿನ್ನ ಹತ್ತಿರ ಮಾತು ಬಿಟ್ಟ.

ಈಗ ಅವನು ವಾರಕ್ಕೊಮ್ಮೆ ಮೈಸೂರಿಂದ ಹಾಸನಕ್ಕೆ ಹೇಗೆ ಬರುತ್ತಾನೆ? ಬೈಕಿನಲ್ಲಿ. ನೂರಕ್ಕೂ ಹೆಚ್ಚು ಕಿಲೋಮೀಟರ್, ರಾತ್ರಿ ಹೊತ್ತು. ಕಾರು ಅಪಾಯ ಅಂತ ನಾವು ಮೂರು ಜನ ದೊಡ್ಡವರು ಸೇರಿ ಅವನನ್ನು ಬೈಕ್ ಹತ್ತಿಸಿದೆವು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 74,897 ಜನ ದ್ವಿಚಕ್ರದವರು. ಇದು ಕೇಂದ್ರ ಸಾರಿಗೆ ಇಲಾಖೆಯದೇ ಲೆಕ್ಕ. ಕ್ಲಬ್ಬಿನ ಹೆಲ್ಮೆಟ್ ಜಾಥಾದಲ್ಲಿ ಈ ಅಂಕಿ ಓದಿದವನೂ ನಾನೇ.

ಹೋದ ಶನಿವಾರ ಮೈಸೂರಿಗೆ ಹೋಗಿ ಅವನನ್ನು ನೋಡಿ ಬಂದೆ. ನಿನಗೆ ಹೇಳಿರಲಿಲ್ಲ. ಮೊದಲೆಲ್ಲ ನನ್ನನ್ನೂ ಮಾವ ಅನ್ನುತ್ತಿದ್ದ. ಈ ಸಲ "ಬನ್ನಿ ಅಂಕಲ್" ಅಂದ. ಚುರುಕ್ ಅಂತು. ವಿಡಿಯೋ ತೋರಿಸಿದೆ. ಎರಡು ಸಲ ನೋಡಿದ. ನಾನು ಬೈಸಿಕೊಳ್ಳುವುದಕ್ಕೆ ಸಿದ್ಧನಾಗಿ ಕೂತಿದ್ದರೆ, ಅವನು ಕೇಳಿದ್ದು ಏನು ಗೊತ್ತಾ? "ಅಂಕಲ್, ಇವನು ಸ್ಪ್ರಿಂಗ್ ಕಟ್ ಮಾಡಿಸಿದ್ದಾನೆ ಅನ್ಸುತ್ತೆ. ನಿಲ್ಲಿಸ್ದಾಗ ಮುಂದೆ ಹೇಗೆ ಕುಣೀತಾ ಇದೆ ನೋಡಿ."

ಆಮೇಲೆ ಒಂದು ಗಂಟೆ ಪಾಠ. ಕಾರು ತಗ್ಗಿಸುವುದಕ್ಕೆ ಸರಿಯಾದ ದಾರಿ ಬೇರೆ ಸ್ಪ್ರಿಂಗು, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್ ಹಾಕುವುದಂತೆ. ದುಡ್ಡಿಲ್ಲದವರು ಇರುವ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸಿ ಬಿಡುತ್ತಾರೆ. ಆಗ ಕಾರು ಗುಂಡಿಗೆ ಕುಪ್ಪಳಿಸುತ್ತದೆ, ಟೈರು ನೆಲ ಬಿಡುತ್ತದೆ, ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ. ಅವನು ತನ್ನ ಸಿಟಿಗೆ ಮೊದಲು ಮಾಡಿಸಿದ್ದು ಏನು ಅಂದರೆ, ನಾಲ್ಕು ಹೊಸ ಟೈರು, ಬ್ರೇಕ್ ಪ್ಯಾಡು, ಬ್ರೇಕ್ ಆಯಿಲು. ಸೈಲೆನ್ಸರಿಗೆ ದುಡ್ಡೇ ಉಳಿಯಲಿಲ್ಲವಂತೆ. ನನ್ನ ಬುಲೆಟ್ಟಿನ ಹಿಂದಿನ ಟೈರು ಸವೆದು ನುಣ್ಣಗಾಗಿರುವುದು ಆಗಲೇ ನೆನಪಾಗಬೇಕೇ.

ಕಾರಿನ ಹುಡುಗರ ಕಡೆಯಿಂದ ನಮ್ಮ ಬೈಕಿನವರ ಬಗ್ಗೆ ಏನು ಮಾತಿದೆ ಅಂತ ಕೇಳಿದೆ. ಕೇಳಬಾರದಿತ್ತು. "ಬೈಕಿನವರು ಎಡಗಡೆಯಿಂದ ನುಗ್ತಾರೆ, ಕನ್ನಡಿ ಮಡಚಿ ಹೋಗ್ತಾರೆ, ಪೇಂಟ್ ಗೀರಿದ್ರೆ ತಿರುಗಿ ನೋಡಲ್ಲ, ಮೂರು ಜನ ಜಾಕೆಟ್ ಹಾಕ್ಕೊಂಡು ಸೇರಿದ್ರೆ ರೋಡು ಅವರಪ್ಪಂದು." ಆ ಮೂರು ಜನ ನಾವೇ ಅಂತ ಅನ್ನಿಸಿ ಟೀ ಕುಡಿದೆ.

ಸದ್ದಿನ ವಿಷಯಕ್ಕೆ ಬಂದರೆ ನಮಗೆ ಬಾಯಿಯೇ ಇಲ್ಲ. ಪೊಲೀಸರು ಸೈಲೆನ್ಸರುಗಳನ್ನು ರಸ್ತೆ ಮೇಲೆ ಸಾಲಾಗಿ ಹಾಸಿ ರೋಡ್ ರೋಲರ್ ಹತ್ತಿಸುತ್ತಾರಲ್ಲ, ಆ ರಾಶಿ ಕಾರಿನದ್ದಲ್ಲ, ಬೈಕಿನದ್ದು. ನನ್ನ ಬುಲೆಟ್ಟಿಗೆ ಇರುವುದು ಶಾರ್ಟ್ ಬಾಟಲ್, ನಿನ್ನದಕ್ಕೆ ಇಂದೋರಿ, ಎರಡೂ ಗುಡುಗುವ ಸೈಲೆನ್ಸರೇ. ನಾವು ಅದಕ್ಕೆ ಗತ್ತು ಅಂತೀವಿ, ಹುಡುಗರದ್ದಕ್ಕೆ ಪುಂಡಾಟ ಅಂತೀವಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಬ್ಬರಿಗೂ ಒಂದೇ. ಕಂಪನಿ ಹೇಳಿದ್ದಕ್ಕಿಂತ ಬೇರೆ ಥರ ಗಾಡಿ ಬದಲಾಯಿಸುವ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಬಂತು. ನಿನ್ನ ಗಾಡಿಯ ಲೆಕ್ಕ ನೀನೇ ಹಾಕಿಕೋ.

ಇನ್ನೊಂದು ನೆನಪಿದೆಯಾ? 2023ರ ಆಗಸ್ಟ್ 1ರಿಂದ ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಬಿಡಲ್ಲ ಅಂದಾಗ ನಾವು ಎಷ್ಟು ಹಾರಾಡಿದೆವು! ಯಾರೋ ವ್ಹೀಲಿಂಗ್ ಮಾಡುವ ನಾಲ್ಕು ಹುಡುಗರನ್ನು ನೋಡಿ ನಮ್ಮನ್ನೂ ಅದೇ ತಕ್ಕಡಿಗೆ ಹಾಕುತ್ತಾರೆ ಅಂತ ನೀನು ಉದ್ದದ ಮೆಸೇಜ್ ಬರೆದಿದ್ದೆ. ಅದೇ ವಾರ ಗ್ರೂಪಿನಲ್ಲಿ ನಾನು ಹಾಕಿದ ಮೆಸೇಜನ್ನು ಈಗ ಹುಡುಕಿ ಓದಿದೆ. "ಕಾರು ಇಳಿಸಿದವನ ಲೈಸೆನ್ಸ್ ಮೊದಲು ಕಿತ್ತುಕೊಳ್ಳಬೇಕು." ಹದಿನೇಳು ಜನ ಹೆಬ್ಬೆರಳು ಒತ್ತಿದ್ದರು.

ಎಲ್ಲಾ ಹುಡುಗರೂ ಸಾಧುಗಳು ಅಂತ ಹೇಳುತ್ತಿಲ್ಲ. ಮಧ್ಯರಾತ್ರಿ ಏರ್‌ಪೋರ್ಟ್ ರಸ್ತೆಯಲ್ಲಿ ರೇಸ್ ಬಿಡುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಕಾರಿಗೆ ಹಾಕಿಸುತ್ತಾರಲ್ಲ ಆ ಕಣ್ಣು ಕುಕ್ಕುವ ಬಿಳಿ ಹೆಡ್‌ಲೈಟು, ಎದುರಿಗೆ ಬಂದರೆ ಎರಡು ಕ್ಷಣ ರಸ್ತೆಯೇ ಮಾಯ. ಕಾರಿನವನಿಗೆ ಅದು ಕಿರಿಕಿರಿ, ಎರಡು ಚಕ್ರದವನಿಗೆ ಪ್ರಾಣ. ಇದನ್ನು ಅಳಿಯನಿಗೂ ಹೇಳಿದೆ. ಅವನೂ ಹಾಕಿಸಬೇಕು ಅಂತಿದ್ದನಂತೆ. "ಕನ್ನಡಿಯಲ್ಲಿ ನೋಡಿದ್ದೀನಿ, ಎದುರಿಂದ ಹೇಗಿರುತ್ತೆ ಅಂತ ಬೈಕ್ ಓಡಿಸೋಕೆ ಶುರು ಮಾಡಿದ್ಮೇಲೇ ಗೊತ್ತಾಗಿದ್ದು" ಅಂದ.

ಆ ಹಳದಿ ಕಾರಿನ ಹುಡುಗನನ್ನು ಹುಡುಕೋಣ ಅಂತ ನೋಡಿದೆ. ನಂಬರ್ ಪ್ಲೇಟಿನ ಜಾಗಕ್ಕೆ ಸರಿಯಾಗಿ ಗಾಜಿನ ಸೀಳು ಬಂದಿದೆ. ಕೆಎ 13 ಅಷ್ಟೇ ಓದಲು ಬರುತ್ತದೆ, ಅಂದರೆ ನಿಮ್ಮ ಹಾಸನದವನೇ. ನನ್ನನ್ನು ಆಸ್ಪತ್ರೆಗೆ ಸೇರಿಸಿದ್ದು ಯಾರು ಅಂತ ನಾನು ಆಗ ಕೇಳಲೂ ಇಲ್ಲ.

ಈ ಭಾನುವಾರ ಬರುತ್ತಿದ್ದೇನೆ. ನೇರ ಅಕ್ಕನ ಮನೆಗೆ. ಕಾರ್ಡ್ ತರುತ್ತೇನೆ, ಅವರ ಟಿವಿಗೆ ಹಾಕಿ ತೋರಿಸೋಣ. ಕಥೆ ಹೇಳುವಾಗ ಇದ್ದವರೆಲ್ಲ ಕೂತಿರಬೇಕು, ನೀನೂ. ಅಳಿಯ ಶನಿವಾರ ರಾತ್ರಿ ಬಸ್ಸಿಗೆ ಬರುತ್ತಾನೆ, ಬೈಕ್ ಬೇಡ ಅಂದಿದ್ದೇನೆ. ನೀನು ಒಂದು ಕೆಲಸ ಮಾಡು. ಹನ್ನೊಂದು ತಿಂಗಳು ನಿಂತ ಕಾರು, ಬ್ಯಾಟರಿ ಪೂರ್ತಿ ಇಳಿದಿರುತ್ತದೆ. ನಾಳೆಯೇ ಬಿಚ್ಚಿಸಿ ಚಾರ್ಜಿಗೆ ಹಾಕಿಸು. ಟಾರ್ಪಾಲ್ ತೆಗೆಯುವಾಗ ಬಾನೆಟ್ ಒಳಗೆ ಒಂದು ಸಲ ನೋಡು, ಇಲಿ ವೈರ್ ಕಡಿದಿರುತ್ತದೆ.

ನಿನ್ನ,
ಶಾರ್ಟ್ ಬಾಟಲ್ ಬುಲೆಟ್ಟಿನವನು