ಆ ತೊಂಬತ್ತಾರು ಲಕ್ಷದ ಫ್ಲಾಟು: ಮಗಳಿಗೊಂದು ಪತ್ರ

ಪುಟ್ಟಿ,

ವಾಟ್ಸಾಪಲ್ಲಿ ನೀನು ಕಳಿಸಿದ ಫ್ಲಾಟಿನ ಫೋಟೋ, ಬ್ರೋಕರ್ ಬರೆದಿರೋ ರೇಟು ಎಲ್ಲಾ ನಾನು ನಿಮ್ಮ ಅಪ್ಪಾಜಿ ಕೂತ್ಕೊಂಡು ನೋಡಿದ್ವಿ. ಫೋನಲ್ಲಿ ಹೇಳಿದ್ರೆ ಆಫೀಸ್ ಗಡಿಬಿಡೀಲಿ ಅರ್ಧ ಕೇಳ್ತೀಯ ಅರ್ಧ ಬಿಡ್ತೀಯ, ಅದಕ್ಕೇ ಬರೀತಾ ಇದೀನಿ. ಬೆಂಗಳೂರಿನ ಮಾದಾವರದ ಹತ್ರ 1,200 ಸ್ಕ್ವೇರ್ ಫೀಟು, 96 ಲಕ್ಷ, ಸ್ಕ್ವೇರ್ ಫೀಟಿಗೆ 8,000 ಬಿತ್ತು, ಆ ಏರಿಯಾಕ್ಕೆ ಕಡಿಮೆನೇ ಅಂತ ಬ್ರೋಕರ್ ಅಂದ ಅಂತೀಯ. 96 ಅನ್ನೋದು ಮಾರೋರು ಕೇಳ್ತಿರೋದು ಅಷ್ಟೆ ಪುಟ್ಟಿ. ಅದರಲ್ಲಿ ಎರಡು ಮೂರು ಲಕ್ಷ ಇಳಿಸಿದ್ರೆ ಲಾಭ ಆಯ್ತು ಅಂತ ಅನ್ಕೋಬೇಡ, ಆ ಮನೆ ಎಷ್ಟಕ್ಕೆ ಬಾಳುತ್ತೆ ಅಂತ ನೀನೇ ಒಂದು ಲೆಕ್ಕ ಕಟ್ಕೊಂಡು ಆಮೇಲೆ ಅವರ ಮುಂದೆ ಕೂರು.

ಮೊದಲು ಆ 1,200 ಏನು ಅಂತ ನೋಡು. ಅದು ಸೂಪರ್ ಬಿಲ್ಟಪ್, ಅಂದ್ರೆ ಲಿಫ್ಟು ಮೆಟ್ಟಿಲು ಕಾರಿಡಾರು ಕ್ಲಬ್ ಹೌಸು ಎಲ್ಲದರಲ್ಲೂ ನಿನ್ನ ಪಾಲು ಅಂತ ಸೇರ್ಸಿರೋದು. ನಮ್ಮ ಎಪಿಎಂಸೀಲಿ ಮೆಕ್ಕೆಜೋಳಕ್ಕೆ ತೇವಾಂಶ ನೋಡದೆ ಯಾರಾದ್ರೂ ರೇಟು ಕಟ್ತಾರಾ, ಹಸಿ ಕಾಳಿಗೆ ತೂಕ ಜಾಸ್ತಿ ಬರುತ್ತೆ ಅಂತ ಎಲ್ಲರಿಗೂ ಗೊತ್ತು, ಇದೂ ಹಂಗೇ. ನೀನು ಕಾಲಿಡೋ ಜಾಗ ಕಾರ್ಪೆಟ್ ಏರಿಯಾ. 2016ರ ರೇರಾ, ಅಂದ್ರೆ ರಿಯಲ್ ಎಸ್ಟೇಟ್ ಕಾಯ್ದೆ ಪ್ರಕಾರ ಬಿಲ್ಡರು ಕಾರ್ಪೆಟ್ ಏರಿಯಾ ಹೇಳಲೇಬೇಕು, ಅದರಲ್ಲಿ ಹೊರಗೋಡೆ ಬರಲ್ಲ, ಬಾಲ್ಕನಿ ಬರಲ್ಲ, ಒಳಗಿನ ಗೋಡೆಗಳು ಮಾತ್ರ ಬರ್ತವೆ. ಹಳೇ ಫ್ಲಾಟಿನ ಪತ್ರದಲ್ಲಿ ಅದು ಬರೆದಿರದೇ ಇರಬಹುದು, ಆಗ ಟೇಪು ತಗೊಂಡೋಗಿ ನೀವಿಬ್ಬರೇ ಅಳೀರಿ, ಸಂಕೋಚ ಪಡಬೇಡಿ. ಬ್ರೋಕರ್ ಹೇಳಿದಂಗೆ ಇದರದ್ದು 840 ಇದ್ರೆ ನಿಜವಾದ ರೇಟು 11,428 ಆಯ್ತು. ನೀನು ಬೇಡ ಅಂತ ಬಿಟ್ಟೆಯಲ್ಲ, ಹಳೇ ಬಿಲ್ಡಿಂಗಿನ ಫ್ಲಾಟು, 1,180 ಸ್ಕ್ವೇರ್ ಫೀಟಿಗೆ 98 ಲಕ್ಷ, ಅದು ಮೇಲ್ನೋಟಕ್ಕೆ 8,305 ಬಿದ್ದು ದುಬಾರಿ ಅನ್ನಿಸ್ತು, ಆದ್ರೆ ಅದರ ಕಾರ್ಪೆಟ್ 910 ಐತೆ, ಭಾಗಿಸಿ ನೋಡು 10,769, ಇದಕ್ಕಿಂತ ಅದೇ ಅಗ್ಗ. ಇನ್ನೊಂದ್ಸಲ ಹೋಗಿ ನೋಡ್ಕೊಂಡು ಬಾ.

ಆಮೇಲೆ ಆನ್‌ಲೈನಲ್ಲಿ ಹತ್ತು ಜನ ಹಾಕಿರೋ ರೇಟು ನೋಡಿ ಇದೇ ಮಾರ್ಕೆಟ್ಟು ಅಂತ ತಿಳ್ಕೋಬೇಡ, ಅವರೆಲ್ಲ ಇನ್ನೂ ಮಾರದೇ ಕೂತಿರೋರು. ಅದೇ ಅಪಾರ್ಟ್‌ಮೆಂಟಲ್ಲಿ ಈಚೆಗೆ ಕೊಂಡೋರು ಎಷ್ಟು ಕೊಟ್ರು ಅಂತ ಬೇಕು ನಿಂಗೆ. ಅಸೋಸಿಯೇಷನ್ನವರನ್ನ ಕೇಳು, ಸೆಕ್ಯೂರಿಟಿಯವರ ಹತ್ರ ಎರಡು ಮಾತಾಡು, ಅವರಿಗೆ ಎಲ್ಲಾ ಗೊತ್ತಿರುತ್ತೆ. ಸರ್ಕಾರದ ರಿಜಿಸ್ಟ್ರೇಷನ್ ವೆಬ್‌ಸೈಟು ಕಾವೇರಿ ಪೋರ್ಟಲಲ್ಲಿ ಇಸಿ, ಅಂದ್ರೆ ಋಣಭಾರ ಪತ್ರ, ತೆಗೆಸಿದ್ರೆ ಈ ಫ್ಲಾಟು ಹಿಂದೆ ಎಷ್ಟಕ್ಕೆ ರಿಜಿಸ್ಟ್ರಿ ಆಗಿತ್ತು ಅಂತ ಬರುತ್ತೆ, ರಿಜಿಸ್ಟ್ರಿಗೆ ಸರ್ಕಾರ ಕಟ್ಟಿರೋ ಕನಿಷ್ಠ ಬೆಲೆ, ಅಂದ್ರೆ ಮಾರ್ಗಸೂಚಿ ದರಾನೂ ಅಲ್ಲೇ ಸಿಗುತ್ತೆ. ಮಾರ್ಗಸೂಚಿ ದರಾನೇ ನ್ಯಾಯವಾದ ಬೆಲೆ ಅಂತಲ್ಲ, ಆದ್ರೆ ಅದಕ್ಕೂ ಇವರು ಕೇಳೋದಕ್ಕೂ ಎಷ್ಟು ಅಂತರ ಐತೆ ಅಂತ ಗೊತ್ತಾಗುತ್ತೆ.

ಬ್ಯಾಂಕಲ್ಲಿ ಲೋನ್ ಸೆಕ್ಷನ್ನಲ್ಲಿ ಇದ್ದವಳು ನಾನು, ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ, ಬ್ಯಾಂಕಿನ ಪರವಾಗಿ ಮನೆಗೆ ಬೆಲೆ ಕಟ್ಟೋ ವ್ಯಾಲ್ಯೂಯರ್ ರಿಪೋರ್ಟ್ ಕೈಗೆ ಬರೋ ಮುಂಚೆ ದೊಡ್ಡ ಅಡ್ವಾನ್ಸ್ ಕೊಡಬೇಡ. ವ್ಯಾಲ್ಯೂಯರ್ 88 ಲಕ್ಷ ಅಂತ ಬರೆದ್ರೆ ಬ್ಯಾಂಕು ಆ 88ರ ಮೇಲೇ ಲೆಕ್ಕ ಹಾಕೋದು, ನೀನು ಒಪ್ಪಿರೋ 96ರ ಮೇಲಲ್ಲ. 30 ಲಕ್ಷ ದಾಟಿ 75 ಲಕ್ಷದವರೆಗಿನ ಸಾಲಕ್ಕೆ 80 ಪರ್ಸೆಂಟ್ ಮೇಲೆ ಕೊಡಂಗಿಲ್ಲ, ಅಂದ್ರೆ 70 ಲಕ್ಷ ಚಿಲ್ಲರೆ, 96ರಲ್ಲಿ ಉಳಿದ ಇಪ್ಪತ್ತೈದೂವರೆ ಲಕ್ಷ ನೀವೇ ಹೊಂದಿಸ್ಬೇಕು. ಅದರ ಮೇಲೆ ಸ್ಟಾಂಪ್ ಡ್ಯೂಟಿ, ಸೆಸ್ಸು, ರಿಜಿಸ್ಟ್ರೇಷನ್ ಫೀಜು. ಆ ಫೀಜು 2025ರ ಆಗಸ್ಟ್ ಕೊನೇಲಿ 1ರಿಂದ 2 ಪರ್ಸೆಂಟಿಗೆ ಏರಿದೆ, ಎಲ್ಲಾ ಸೇರಿ ಏಳೂವರೆ ಪರ್ಸೆಂಟಿಗೂ ಮೇಲೆ, ಹತ್ರ ಹತ್ರ 7 ಲಕ್ಷ 30 ಸಾವಿರ, ಇದಕ್ಕೆ ಲೋನ್ ಬರಲ್ಲ. ಓಸಿ, ಅಂದ್ರೆ ವಾಸಕ್ಕೆ ಅನುಮತಿ ಪತ್ರ, ಆಗಿರೋ ಮನೆ ಆದ್ರೆ ಜಿಎಸ್‌ಟಿ ಇಲ್ಲ, ಅದೊಂದು ಉಳೀತು.

ಬಾಡಿಗೆ ಲೆಕ್ಕಾನೂ ಹಾಕು. ಅಲ್ಲಿ ಇಂಥದೇ ಮನೆ 28,000ಕ್ಕೆ ಸಿಗುತ್ತೆ ಅಂತ ನೀನೇ ಹೇಳಿದ್ದೆ, ವರ್ಷಕ್ಕೆ 3 ಲಕ್ಷ 36 ಸಾವಿರ, 96 ಲಕ್ಷಕ್ಕೆ ಮೂರೂವರೆ ಪರ್ಸೆಂಟು. ಅದರಲ್ಲೂ ಮೇಂಟೆನೆನ್ಸು ಸ್ಕ್ವೇರ್ ಫೀಟಿಗೆ 4 ರೂಪಾಯಿ ಅಂದ್ರೆ ತಿಂಗಳಿಗೆ 4,800, ಅದನ್ನೂ ಸೂಪರ್ ಬಿಲ್ಟಪ್ ಮೇಲೇ ಹಾಕ್ತಾರೆ. 70 ಲಕ್ಷ ಸಾಲ, ಎಂಟೂವರೆ ಬಡ್ಡಿ, 20 ವರ್ಷ ಅಂತ ಹಿಡಿದ್ರೆ ಕಂತು 60,700. ಬಾಡಿಗೆಗಿಂತ ಡಬಲ್ಲಿಗೂ ಜಾಸ್ತಿ ಕಟ್ತೀರಿ, ಸ್ವಂತ ಮನೆ ಅನ್ನೋದಕ್ಕೆ ಅದು ಸರಿ ಅಂತ ನಿಮಗೆ ಅನ್ಸಿದ್ರೆ ನಾನು ಬೇಡ ಅನ್ನಲ್ಲ, ಆದ್ರೆ ಅಷ್ಟು ಜಾಸ್ತಿ ಯಾಕೆ ಕೊಡ್ತಿದೀವಿ ಅಂತ ಗೊತ್ತಿದ್ದು ಕೊಡಿ.

ಮೆಟ್ರೋ ಐತೆ, ರೇಟು ಏರುತ್ತೆ ಅಂತಾನಂತೆ ಬ್ರೋಕರ್. ಮಾದಾವರಕ್ಕೆ ಮೆಟ್ರೋ 2024ರ ನವೆಂಬರಲ್ಲೇ ಬಂತಲ್ಲ, ಬಂದಿರೋ ಮೆಟ್ರೋಗೆ ಆ ರೇಟಲ್ಲಿ ಆಗಲೇ ದುಡ್ಡು ಸೇರ್ಸಿರ್ತಾರೆ. ಇಂಟೀರಿಯರಿಗೆ 8 ಲಕ್ಷ ಹಾಕಿದೀವಿ ಅನ್ನೋದಕ್ಕೂ ಮರುಳಾಗಬೇಡ, ಇನ್ನೊಬ್ಬರ ಅಡುಗೆಮನೆ ಕಬೋರ್ಡಿಗೆ ನೀನು ಹೊಸಾ ಬೆಲೆ ಕೊಡೋದೇನು. ನೀರಿನ ವಿಚಾರ ಮಾತ್ರ ಬಾಯಿಮಾತಲ್ಲಿ ನಂಬಬೇಡ, ಬೇಸಿಗೇಲಿ ಟ್ಯಾಂಕರಿಗೆ ಎಷ್ಟು ಖರ್ಚಾಗಿತ್ತು ಅಂತ ಅಸೋಸಿಯೇಷನ್ ಲೆಕ್ಕ ಕೇಳಿ ನೋಡು, 2024ರಲ್ಲಿ ಬೆಂಗಳೂರು ನೀರಿಗೆ ಎಷ್ಟು ಪರದಾಡಿತ್ತು ಗೊತ್ತಲ್ಲ. ಯುಡಿಎಸ್, ಅಂದ್ರೆ ಬಿಲ್ಡಿಂಗ್ ನಿಂತಿರೋ ನೆಲದಲ್ಲಿ ನಿನ್ನ ಪಾಲು, ಎಷ್ಟು ಅಂತಾನೂ ಸೇಲ್ ಡೀಡಲ್ಲಿ ಹುಡುಕು, ಬಿಲ್ಡಿಂಗ್ ಹಳೇದಾದಂಗೆ ಬೆಲೆ ಉಳಿಯೋದು ನಿನ್ನ ಪಾಲಿನ ಆ ಜಾಗಕ್ಕೇ.

ಅಷ್ಟು ದುಡ್ಡಲ್ಲಿ ಇಲ್ಲಿ ವಿದ್ಯಾನಗರದ ಕಡೆ ಸೈಟು ತಗೊಂಡು ಮನೇನೇ ಕಟ್ಟಬಹುದಿತ್ತು ಅಂತ ನಿಮ್ಮ ಚಿಕ್ಕಪ್ಪ ಫೋನ್ ಮಾಡಿದಾಗೆಲ್ಲ ಹೇಳ್ತಾರೆ, ಅದಕ್ಕೆ ಬೇಜಾರಾಗಬೇಡ. ನಿಮ್ಮಿಬ್ಬರ ಕೆಲಸ ಅಲ್ಲಿ, ಮಗು ಸ್ಕೂಲು ಅಲ್ಲಿ, ದಾವಣಗೆರೆ ರೇಟು ಹಿಡ್ಕೊಂಡು ಬೆಂಗಳೂರು ಮನೆ ತೂಗಕ್ಕಾಗಲ್ಲ.

ಇದೆಲ್ಲ ಸೇರ್ಸಿ ನಂಗೆ ಅನ್ಸೋದು 88ರ ಆಸುಪಾಸು, ಅದಕ್ಕಿಂತ ಮೇಲೆ ಹೋಗೋದಾದ್ರೆ ಕಾರಣ ಇರಬೇಕು. ನಾಡಿದ್ದರೊಳಗೆ ಹೇಳಿ ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತೀವಿ ಅಂದ್ರೆ ಕೊಡ್ಲಿ ಬಿಡು. ಅಳಿಯಂದ್ರಿಗೂ ಇದನ್ನ ಓದಕ್ಕೆ ಕೊಡು. ಸೇಲ್ ಡೀಡು, ಇಸಿ, ಖಾತಾ, ಓಸಿ ನಾಲ್ಕರದ್ದೂ ಕಾಪಿ ಕೇಳಿ ನಂಗೆ ಕಳಿಸು, ಭಾನುವಾರ ಅಪ್ಪಾಜಿ ಜೊತೆ ಕೂತು ಒಂದೊಂದೇ ಓದ್ತೀನಿ.

ಅಮ್ಮ