ವಿಡಿಯೊ ಪಾಠಕ್ಕೆ ಗ್ರಂಥಾಲಯ ತೆರೆದಿಡಿ

ಮಾನ್ಯ ಸಂಪಾದಕರೇ,

ಪಾಠದ ವಿಡಿಯೊವನ್ನು ಮೊದಲೇ ನೋಡಿ ಬಂದು, ತರಗತಿಯ ಹೊತ್ತನ್ನು ಚರ್ಚೆಗೆ ಬಳಸುವ ಕ್ರಮ ನಮ್ಮ ಪದವಿ ಕಾಲೇಜುಗಳಿಗೂ ಬೇಕು. ಹಾರ್ವರ್ಡ್‌ನ ಭೌತವಿಜ್ಞಾನಿ ಎರಿಕ್ ಮಜೂರ್ 1990ರ ದಶಕದಲ್ಲೇ ಉಪನ್ಯಾಸ ತಗ್ಗಿಸಿ, ಪ್ರಶ್ನೆ ಮುಂದಿಟ್ಟು ಪಕ್ಕದವರೊಡನೆ ಚರ್ಚಿಸಲು ಬಿಡುತ್ತಿದ್ದರು. ನನ್ನ ತರಗತಿಯಲ್ಲೂ ಕೇಳುತ್ತೇನೆ: ಮೇಲಕ್ಕೆ ಎಸೆದ ಚೆಂಡು ತುತ್ತತುದಿ ಮುಟ್ಟಿದಾಗ ಅದರ ವೇಗೋತ್ಕರ್ಷ (ವೇಗ ಬದಲಾಗುವ ದರ) ಸೊನ್ನೆಯೇ? ಬಹುತೇಕರು ಹೌದೆನ್ನುತ್ತಾರೆ. ತಮ್ಮತಮ್ಮಲ್ಲೇ ವಾದಿಸಿದ ಮೇಲೆ, ಗುರುತ್ವ ಅಲ್ಲಿಯೂ ಎಳೆಯುತ್ತಲೇ ಇದೆ, ಹಾಗಾಗಿ ಅದು ಸೊನ್ನೆಯಲ್ಲ ಎಂಬುದು ಅವರಿಗೇ ಹೊಳೆಯುತ್ತದೆ. ಆ ಗದ್ದಲ ನನಗೆ ಬಲು ಪ್ರಿಯ!

ವಿದ್ಯಾರ್ಥಿಯ ಉತ್ತರ ನೋಡಿ ಮುಂದಿನ ಪ್ರಶ್ನೆಯನ್ನು ತಾನೇ ಆರಿಸುವ ತಂತ್ರಾಂಶಗಳೂ ಬಂದಿವೆ. ಅಭ್ಯಾಸಕ್ಕೆ ಒಳ್ಳೆಯವೇ. ಆದರೆ ತಪ್ಪಿನ ಹಿಂದಿನ ತರ್ಕವನ್ನು ಕೇಳಿಸಿಕೊಳ್ಳಲು ಅಧ್ಯಾಪಕರು ಬೇಕು. ಖಾಲಿ ಹುದ್ದೆ ತುಂಬದಿರುವುದಕ್ಕೆ ಇವು ನೆಪವಾಗಬಾರದು.

ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ತಾಣ ‘ಸ್ವಯಂ’ ಮೂಲಕ ಸೆಮಿಸ್ಟರ್‌ನ ಶೇ 40ರವರೆಗಿನ ಕೋರ್ಸ್‌ಗಳನ್ನು ಕಲಿಯಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2021ರಲ್ಲೇ ಅವಕಾಶ ಕೊಟ್ಟಿದೆ. ಆದರೆ ಮನೆಮಂದಿಗೆಲ್ಲ ಒಂದೇ ಮೊಬೈಲ್ ಇರುವ ಹಳ್ಳಿಯ ಹುಡುಗಿ ವಿಡಿಯೊ ನೋಡುವುದು ಯಾವಾಗ? ಬೆಳಿಗ್ಗೆ ಮೊದಲ ಬಸ್ಸಿಗೆ ಬಂದವರು ತರಗತಿಗೆ ಮುನ್ನ ನೋಡುವಂತೆ ಕಾಲೇಜು ಗ್ರಂಥಾಲಯಗಳನ್ನು ಎಂಟಕ್ಕೇ ತೆರೆಯಲಿ. ವಿಡಿಯೊಗಳು ಕನ್ನಡದಲ್ಲೂ ಇರಲಿ. ಕಾಲೇಜು ಶಿಕ್ಷಣ ಇಲಾಖೆ ಈ ಶೈಕ್ಷಣಿಕ ವರ್ಷದಲ್ಲೇ ಇದನ್ನು ಆರಂಭಿಸಬೇಕು.

– ಭೌತವಿಜ್ಞಾನ ಅಧ್ಯಾಪಕಿ, ಚಿತ್ರದುರ್ಗ ಜಿಲ್ಲೆ